ಮೇಷ್ಟ್ರೇ, ಪುಯೋಲ್ ವಿಷಯದಲ್ಲಿ ತಪ್ಪು ನಮ್ದೇ

ಮೇಷ್ಟ್ರೇ, ನಮಸ್ಕಾರ. ನಿಮ್ಮ ಕಾಗದ ಬಂದು ಹತ್ತು ದಿನ ಆಯ್ತು. ಕೂತ ತಕ್ಷಣ ಬರೆದು ಮುಗಿಸೋ ಅಂಥ ಪ್ರಶ್ನೆ ಆಗಿದ್ರೆ ಅವತ್ತೇ ಬರೀತಿದ್ದೆ, ಆದ್ರೆ ನಾಲ್ಕು ಸಾಲು ಬರೆದು ಕೈ ತೊಳ್ಕೊಳ್ಳೋಕೆ ಮನಸ್ಸು ಬರ್ಲಿಲ್ಲ.

ಬಾಕಿ ಓದುಗರಿಗೂ ಗೊತ್ತಾಗ್ಲಿ ಅಂತ ನಿಮ್ಮ ಕಾಗದದಲ್ಲಿ ಏನಿತ್ತು ಅಂತ ಹೇಳ್ಬಿಡ್ತೀನಿ. ನೀವು ಹೈಸ್ಕೂಲಲ್ಲಿ ಪಿಟಿ ಮೇಷ್ಟ್ರು, ಸಂಜೆ ಹುಡುಗರಿಗೆ ಫುಟ್‌ಬಾಲ್ ಕಲಿಸ್ತೀರಿ, ಟೀಮಲ್ಲಿ ಎಲ್ರಿಗೂ ಮುಂದೆ ನಿಂತು ಗೋಲ್ ಹೊಡೀಬೇಕು, ನೀನು ಹಿಂದೆ ನಿಲ್ಲಪ್ಪ ಅಂದ್ರೆ ಸಾಕು ಹುಡುಗನ ಮುಖ ಸಣ್ಣಗಾಗುತ್ತೆ. ಸ್ಪೇನ್ ಗೆದ್ದ 2010ರ ವಿಶ್ವಕಪ್ ಬಗ್ಗೆ ನಾವು ಹಾಕಿದ್ದ ಲೇಖನ ನೀವು ಕ್ಲಾಸಲ್ಲಿ ಓದಿಸಿದ್ರಿ. ಅದ್ರಲ್ಲಿ ಇನಿಯೆಸ್ಟಾಗೆ ಎರಡು ಪುಟ, ಚಾವಿಗೆ ಒಂದು ಪುಟ, ಕಾರ್ಲೆಸ್ ಪುಯೋಲ್‌ಗೆ ಮಾತ್ರ 'ಕೆಚ್ಚೆದೆಯ ಡಿಫೆಂಡರ್' ಅಂತ ಎರಡೇ ಎರಡು ಪದ. ನೀವು ಕೇಳಿದ್ದು ಇಷ್ಟು: ಬರೀ ಕೆಚ್ಚು ಇಟ್ಕೊಂಡು ಒಬ್ಬ ಮನುಷ್ಯ ಬಾರ್ಸಿಲೋನಾದಂಥ ಟೀಮಲ್ಲಿ 15 ವರ್ಷ ನಿಲ್ಲೋಕೆ ಆಗುತ್ತಾ, ಅವನ ಹತ್ರ ಬೇರೆ ಏನೂ ಇರ್ಲಿಲ್ವಾ, ಹಿಂದೆ ನಿಲ್ಲೋ ಹುಡುಗನಿಗೆ ನಾನೇನು ಹೇಳ್ಲಿ?

ತಪ್ಪು ನಮ್ದೇ ಮೇಷ್ಟ್ರೇ. ಆ ಎರಡು ಪದ ಬರೆದವನೂ ನಾನೇ. ಪುಯೋಲ್ ಅಂದ ಕೂಡ್ಲೇ ಆ ಉದ್ದ ಗುಂಗುರು ಕೂದಲು, ಮೈ ಮುರಿದ್ಕೊಂಡು ಹಾರೋದು, ತಲೆಗೆ ಪೆಟ್ಟು ಬಿದ್ರೂ ಎದ್ದು ಓಡೋದು, ಇಷ್ಟೇ ಕಣ್ಮುಂದೆ ಬರುತ್ತೆ, ನಾನೂ ಅಷ್ಟನ್ನೇ ನೋಡಿ ಬರೆದ್ಬಿಟ್ಟೆ. ನಿಮ್ಮ ಕಾಗದ ಓದಿದ್ಮೇಲೆ ಹಳೇ ಮ್ಯಾಚುಗಳನ್ನ ಮತ್ತೆ ಕೂತು ನೋಡಿದೆ, ಈ ಸಲ ಬಾಲ್ ಬಿಟ್ಟು ಅವನನ್ನೇ ನೋಡಿದೆ. ಅವನ ನಿಜವಾದ ವಿದ್ಯೆ ಇರೋದು ಎದುರಾಳಿ ಕಾಲಿಂದ ಬಾಲ್ ಕಿತ್ಕೊಳ್ಳೋ ಟ್ಯಾಕಲ್‌ನಲ್ಲಲ್ಲ, ಟ್ಯಾಕಲ್‌ಗಿಂತ ಎರಡು ಮೂರು ಸೆಕೆಂಡು ಮುಂಚೆ, ಅವನು ಎಲ್ಲಿ ಹೋಗಿ ನಿಲ್ತಾನೆ ಅನ್ನೋದ್ರಲ್ಲಿ ಅಂತ ಆಗ ಗೊತ್ತಾಯ್ತು.

ಮೊದಲಿಂದ ಹೇಳ್ತೀನಿ. ಹುಟ್ಟಿದ್ದು 1978ರ ಏಪ್ರಿಲ್ 13ಕ್ಕೆ, ಸ್ಪೇನಿನ ಕ್ಯಾಟಲೋನಿಯಾ ಪ್ರಾಂತ್ಯದ ಲಾ ಪೊಬ್ಲಾ ದೆ ಸೆಗುರ್ ಅನ್ನೋ ಊರಲ್ಲಿ, ಪಿರಿನೀಸ್ ಬೆಟ್ಟಗಳ ಬುಡದಲ್ಲಿರೋ ಸಣ್ಣ ಊರು ಅದು. ಅಪ್ಪಂದು ಜಮೀನು, ದನಕರು. ಹುಡುಗ ಮೊದಲು ನಿಂತಿದ್ದು ಎಲ್ಲಿ ಗೊತ್ತಾ, ಗೋಲ್‌ಕೀಪರ್ ಆಗಿ! ಭುಜ ನೋವು ಮಾಡ್ಕೊಂಡ ಅಂತ ಗೋಲ್ ಬಿಟ್ಟು ಫಾರ್ವರ್ಡ್ ಆದ. 1995ರಲ್ಲಿ ಬಾರ್ಸಿಲೋನಾದ ಲಾ ಮಾಸಿಯಾ ಅಕಾಡೆಮಿಗೆ ಸೇರಿದಾಗ 17 ವರ್ಷ, ಅಲ್ಲಿ ಹತ್ತು ಹನ್ನೊಂದು ವರ್ಷಕ್ಕೆಲ್ಲ ಮಕ್ಕಳು ಬಂದು ಸೇರಿರ್ತಾರೆ, ಆ ಲೆಕ್ಕದಲ್ಲಿ ಇವನು ತುಂಬಾ ಲೇಟು. ಅಲ್ಲಿ ಡಿಫೆನ್ಸಿವ್ ಮಿಡ್‌ಫೀಲ್ಡರ್ ಆಗಿ ಆಡಿಸಿದ್ರು, ಬಿ ಟೀಮಿಗೆ ಹೋದ್ಮೇಲೆ ಬಲಗಡೆ ಹಿಂದೆ ನಿಲ್ಲೋ ರೈಟ್ ಬ್ಯಾಕ್ ಮಾಡಿದ್ರು, ಕೊನೆಗೆ ಗೋಲಿನ ಮುಂದೆ ಮಧ್ಯದಲ್ಲಿ ನಿಲ್ಲೋ ಸೆಂಟರ್ ಬ್ಯಾಕ್. ಅಂದ್ರೆ ಗೋಲಿಂದ ಹಿಡಿದು ಎದುರಾಳಿ ಗೋಲಿನವರೆಗೂ ಮೈದಾನದ ಎಲ್ಲಾ ಕಡೆ ನಿಂತು ನೋಡಿದವನು ಅವನು. ಫಾರ್ವರ್ಡ್ ಮುಂದಿನ ಹೆಜ್ಜೆ ಯಾವ ಕಡೆ ಇಡ್ತಾನೆ, ಕೀಪರ್ ಮುಂದೆ ಬಂದ್ಬಿಟ್ರೆ ಹಿಂದೆ ಎಷ್ಟು ಜಾಗ ಖಾಲಿ ಆಗುತ್ತೆ, ಇದನ್ನೆಲ್ಲ ಅವನಿಗೆ ಯಾರೂ ಬೋರ್ಡ್ ಮೇಲೆ ಬರೆದು ತೋರಿಸಬೇಕಾಗಿರ್ಲಿಲ್ಲ. ನಿಮ್ಮ ಹುಡುಗರನ್ನ ಒಂದೇ ಜಾಗಕ್ಕೆ ಕಟ್ಟಿ ಹಾಕ್ಬೇಡಿ ಅಂತ ಇಲ್ಲಿ ಒಂದು ಮಾತು ಸೇರಿಸ್ತೀನಿ, ಹನ್ನೆರಡು ಹದಿಮೂರರ ವಯಸ್ಸಲ್ಲಿ ಎಲ್ಲಾ ಕಡೆ ಆಡ್ಲಿ.

1998ರಲ್ಲಿ ಅವನನ್ನ ಮಾಲಗಾ ಕ್ಲಬ್‌ಗೆ ಕೊಟ್ಬಿಡೋಕೆ ಬಾರ್ಸಿಲೋನಾ ಒಪ್ಕೊಂಡಾಗಿತ್ತು. ಜೊತೆಗಾರ ಚಾವಿ ಆಗ ತಾನೇ ದೊಡ್ಡ ಟೀಮಿಗೆ ಹತ್ತಿದ್ದ, ಅದನ್ನ ನೋಡಿ ಇವನು ನಾನು ಹೋಗಲ್ಲ ಅಂತ ಕೂತ. ಮುಂದಿನ ವರ್ಷ 1999ರ ಅಕ್ಟೋಬರ್ 2ಕ್ಕೆ ವಾಯಡೋಲಿಡ್ ಮೇಲೆ ಕೋಚ್ ಲೂಯಿ ವಾನ್ ಗಾಲ್ ಇವನನ್ನ ದೊಡ್ಡ ಟೀಮಲ್ಲಿ ಮೊದಲ ಸಲ ಇಳಿಸಿದ್ರು.

ಜನ ಇವನ ಹೆಸರು ನೆನಪಿಟ್ಕೊಳ್ಳೋಕೆ ಶುರು ಮಾಡಿದ್ದು ಅದರ ಮುಂದಿನ ವರ್ಷ, 2000ದ ಅಕ್ಟೋಬರ್ 21. ಆ ಬೇಸಿಗೆಯಲ್ಲಿ ಲೂಯಿಸ್ ಫಿಗೋ ಬಾರ್ಸಿಲೋನಾ ಬಿಟ್ಟು ರಿಯಲ್ ಮ್ಯಾಡ್ರಿಡ್‌ಗೆ ಹೋಗಿದ್ದ, ಆ ಕಾಲಕ್ಕೆ ಅದು ದಾಖಲೆ ದುಡ್ಡು. ಬಾರ್ಸಿಲೋನಾ ಜನಕ್ಕೆ ಅದು ಮನೆಮಗ ಶತ್ರು ಮನೆ ಸೇರಿದ ಹಾಗೆ. ಆ ಫಿಗೋ ಮ್ಯಾಡ್ರಿಡ್‌ನ ಬಿಳಿ ಜರ್ಸಿ ಹಾಕ್ಕೊಂಡು ಬಾರ್ಸಿಲೋನಾದ ಸ್ಟೇಡಿಯಂ ಕ್ಯಾಂಪ್ ನೌಗೆ ಮೊದಲ ಸಲ ವಾಪಸ್ ಬಂದ ರಾತ್ರಿ ಅದು. ಅವನ ಕಾಲಿಗೆ ಬಾಲ್ ಬಂದಾಗೆಲ್ಲ ಇಡೀ ಸ್ಟೇಡಿಯಂ ಸಿಳ್ಳೆ, ಕೂಗು, ಮೇಲಿಂದ ಸಾಮಾನು ಎಸೀತಿದ್ರು. ಫಿಗೋನ ನೋಡ್ಕೋ ಅಂತ ಬಿಟ್ಟಿದ್ದು 22 ವರ್ಷದ ಪುಯೋಲ್‌ನ. ಸುತ್ತ ಅಷ್ಟು ದ್ವೇಷ ಕುದೀತಿದ್ದಾಗ ಆ ವಯಸ್ಸಿನ ಹುಡುಗ ಏನ್ಮಾಡ್ಬಹುದು ಹೇಳಿ, ಜನರ ಕೂಗಿಗೆ ತಾನೂ ಉರಿದು ಎರಡು ಕೆಟ್ಟ ಟ್ಯಾಕಲ್ ಮಾಡಿ ರೆಡ್ ಕಾರ್ಡ್ ತಗೊಂಡು ಹೋಗ್ಬಹುದಿತ್ತು. ಇವನು ಹಾಗೆ ಮಾಡ್ಲಿಲ್ಲ, ಫಿಗೋ ಎಲ್ಲಿ ಹೋದ್ರೂ ನೆರಳಿನ ಹಾಗೆ ಹಿಂದೆ ಹೋದ, ತಿರುಗೋಕೆ ಜಾಗ ಕೊಡ್ಲಿಲ್ಲ, ಅಷ್ಟೇ. ಬಾರ್ಸಿಲೋನಾ 2-0ಗೆ ಗೆಲ್ತು. ಕೆಚ್ಚು ಅಂತ ನಾವು ಕರೆದದ್ದು ಅವತ್ತು ತಣ್ಣಗೆ ಕೆಲಸ ಮಾಡ್ತಿತ್ತು.

ಇನ್ನೊಂದು ನೀವು ತೋರಿಸಲೇಬೇಕಾದ ತುಣುಕು 2002ರದ್ದು, ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗಲ್ಲಿ ಲೋಕೊಮೋಟಿವ್ ಮಾಸ್ಕೋ ಮೇಲೆ. ಕೀಪರ್ ಬೊನಾನೊ ಗೋಲ್ ಬಿಟ್ಟು ಮುಂದೆ ಬಂದಿದ್ದ, ಗೋಲ್ ಖಾಲಿ, ಎದುರಾಳಿ ಫಾರ್ವರ್ಡ್ ಒಬಿಯೋರಾ ಹೊಡೆದ. ಪುಯೋಲ್ ಎದೆ ಕೊಟ್ಟ, ಬಾಲ್ ಸರಿಯಾಗಿ ಜರ್ಸಿ ಮೇಲಿನ ಕ್ಲಬ್ ಲಾಂಛನಕ್ಕೆ ಬಡಿದು ಆಚೆ ಹೋಯ್ತು. ಎಲ್ರೂ ಆ ಲಾಂಛನದ ಬಗ್ಗೆನೇ ಮಾತಾಡ್ತಾರೆ, ಚಿತ್ರಾನೂ ಅದೇ ಓಡಾಡುತ್ತೆ. ನಾನು ಕೇಳೋದು ಏನಂದ್ರೆ, ಅವನು ಅಲ್ಲಿಗೆ ಬಂದಿದ್ದು ಹೇಗೆ? ಕೀಪರ್ ಮುಂದೆ ಹೆಜ್ಜೆ ಇಟ್ಟಾಗ ನಮ್ಮಲ್ಲಿ ನೂರಕ್ಕೆ ತೊಂಬತ್ತು ಡಿಫೆಂಡರ್‌ಗಳು ಬಾಲ್ ಕಡೆ ಓಡ್ತಾರೆ. ಇವನು ಖಾಲಿ ಆಗೋ ಗೋಲಿನ ಕಡೆ ಹೋಗಿ ನಿಂತ. ಚಿಕ್ಕಂದಿನಲ್ಲಿ ಕೀಪರ್ ಆಗಿದ್ದವನ ತಲೆ ಅದು ಅಂತ ನನಗನ್ಸುತ್ತೆ.

ಆ ವರ್ಷಗಳು ಕ್ಲಬ್‌ಗೆ ಬಹಳ ಬರಗಾಲದ ವರ್ಷಗಳು ಅನ್ನೋದನ್ನೂ ಮರೀಬಾರ್ದು. 1999ರಲ್ಲಿ ಸ್ಪೇನಿನ ಲೀಗ್ ಗೆದ್ದ ಮೇಲೆ 2005ರ ತನಕ ಬಾರ್ಸಿಲೋನಾಗೆ ಒಂದು ಕಪ್ಪೂ ಇಲ್ಲ. ಪುಯೋಲ್ ಬಂದಿದ್ದೇ ಆ ಖಾಲಿ ಕಾಲದ ಶುರುವಿಗೆ, ಐದು ಸೀಸನ್ ಪೂರ್ತಿ ಸೋಲು ನೋಡಿದ, ಕೋಚ್‌ಗಳು ಬಂದ್ರು ಹೋದ್ರು. 2004ರಲ್ಲಿ ಲೂಯಿಸ್ ಎನ್ರಿಕೆ ನಿವೃತ್ತಿ ಆದಾಗ ಕ್ಯಾಪ್ಟನ್ ಪಟ್ಟಿ ಇವನ ತೋಳಿಗೆ ಬಂತು. ಅದೇ ಸೀಸನ್ನಲ್ಲಿ ಲೀಗ್, ಮುಂದಿನ ವರ್ಷ ಮತ್ತೆ ಲೀಗ್, ಜೊತೆಗೆ 2006ರ ಮೇ 17ಕ್ಕೆ ಪ್ಯಾರಿಸ್‌ನಲ್ಲಿ ಆರ್ಸೆನಲ್ ಮೇಲೆ 2-1ಗೆ ಗೆದ್ದು ಚಾಂಪಿಯನ್ಸ್ ಲೀಗ್. ಒಟ್ಟು ಆರು ಲೀಗ್, ಮೂರು ಚಾಂಪಿಯನ್ಸ್ ಲೀಗ್, ಕಪ್ಪುಗಳ ಪಟ್ಟಿ ಇಷ್ಟಕ್ಕೇ ಬಿಡ್ತೀನಿ, ಉಳಿದದ್ದು ನಿಮ್ಮ ಹುಡುಗರೇ ಹುಡುಕ್ಲಿ. ಅದೇ 2006ರ ನವೆಂಬರ್‌ನಲ್ಲಿ ಅವನ ಅಪ್ಪ ಜಮೀನಿನ ಕೆಲಸದಲ್ಲಿ ಅಪಘಾತವಾಗಿ ತೀರ್ಕೊಂಡ್ರು. ಟೀಮ್ ಮ್ಯಾಚಿಗೆ ಅಂತ ಊರು ಬಿಟ್ಟು ಹೋಗಿತ್ತು, ಇವನು ಆಡದೆ ವಾಪಸ್ ಮನೆಗೆ ಹೋದ.

ಈಗ ಆಟದ ಒಳಗಿನ ವಿಷಯಕ್ಕೆ ಬರ್ತೀನಿ, ನೀವು ಮೇಷ್ಟ್ರು, ನಿಮಗಿದು ಬೇಕು. 2008ರಲ್ಲಿ ಪೆಪ್ ಗ್ವಾರ್ಡಿಯೋಲಾ ಕೋಚ್ ಆದ್ಮೇಲೆ ಬಾರ್ಸಿಲೋನಾ ಡಿಫೆನ್ಸ್ ಗೆರೆ ಹೆಚ್ಚುಕಮ್ಮಿ ಮೈದಾನದ ಮಧ್ಯದ ತನಕ ಮೇಲೆ ಹೋಯ್ತು. ರೈಟ್ ಬ್ಯಾಕ್ ಡ್ಯಾನಿ ಆಲ್ವೆಸ್ ಹೆಸರಿಗಷ್ಟೇ ಡಿಫೆಂಡರ್, ಯಾವಾಗ್ಲೂ ಎದುರಾಳಿ ಕಾರ್ನರ್ ಹತ್ರ ಇರ್ತಿದ್ದ. ಜೊತೆಯ ಸೆಂಟರ್ ಬ್ಯಾಕ್ ಪಿಕೆ ಉದ್ದದ ಆಳು, ಪಾಸ್ ಚೆನ್ನಾಗಿತ್ತು, ಬಾಲ್ ತಗೊಂಡು ಮುಂದೆ ನಡೆದ್ಬಿಡ್ತಿದ್ದ. ಇವರೆಲ್ಲ ಮುಂದೆ ಹೋದಾಗ ಹಿಂದೆ ಅರ್ಧ ಮೈದಾನ ಖಾಲಿ, ಅದಕ್ಕೆ ಕಾವಲು ಯಾರು? ಎದುರಾಳಿ ಒಂದು ಉದ್ದ ಪಾಸ್ ಹಾಕಿದ್ರೆ ಮುಗೀತು. ಅಲ್ಲಿ ಬರೀ ಧೈರ್ಯ ಇದ್ದವನು ಒಂದು ಸೀಸನ್ನೂ ಉಳಿಯಲ್ಲ ಮೇಷ್ಟ್ರೇ. ಪಾಸ್ ಹಾಕೋನ ಕಾಲು ಎತ್ತೋ ಮೊದಲೇ ತಾನು ತಿರುಗಿ ಓಡ್ತಿರಬೇಕು. ಪುಯೋಲ್ ತಲೆ ಯಾವಾಗ್ಲೂ ತಿರುಗ್ತಾನೇ ಇರ್ತಿತ್ತು, ಭುಜದ ಮೇಲಿಂದ ಹಿಂದೆ ಒಂದು ನೋಟ, ಮುಂದೆ ಒಂದು ನೋಟ, ಬಾಯಿ ಒಂದೇ ಸಮ ಕೂಗ್ತಿತ್ತು, ಪಿಕೆಗೆ ವಾಪಸ್ ಬಾ ಅಂತ ಕೈ ಮಾಡೋದು. ಟಿವಿಯಲ್ಲಿ ಕ್ಯಾಮೆರಾ ಬಾಲ್ ಹಿಂದೆ ಓಡುತ್ತಲ್ಲ, ಹಾಗಾಗಿ ಈ ಕೆಲಸ ನಮಗೆ ಕಾಣೋದೇ ಇಲ್ಲ, ಕಾಣೋದು ಕೊನೆಯ ಆ ಹಾರಾಟ ಮಾತ್ರ. 2009ರ ರೋಮ್‌ನ ಚಾಂಪಿಯನ್ಸ್ ಲೀಗ್ ಫೈನಲ್‌ಗೆ ಆಲ್ವೆಸ್ ಸಸ್ಪೆಂಡ್ ಆಗಿದ್ದ, ಇವನನ್ನ ಮತ್ತೆ ರೈಟ್ ಬ್ಯಾಕ್‌ಗೆ ಹಾಕಿದ್ರು, ಮ್ಯಾಂಚೆಸ್ಟರ್ ಯುನೈಟೆಡ್ ಮೇಲೆ ಒಂದು ಗೋಲೂ ಬಿಟ್ಟುಕೊಡದೆ 2-0ಗೆ ಗೆದ್ರು.

ಅದಕ್ಕೆ ಕೆಲವೇ ವಾರ ಮುಂಚೆ ಮೇ 2ರಂದು ರಿಯಲ್ ಮ್ಯಾಡ್ರಿಡ್ ಮೇಲೆ ಅವರ ಮನೆಯಲ್ಲೇ 6-2 ಗೆಲುವು. ಅದ್ರಲ್ಲಿ ಬಾರ್ಸಿಲೋನಾದ ಎರಡನೇ ಗೋಲ್ ಪುಯೋಲ್‌ದು, ಚಾವಿ ಫ್ರೀ ಕಿಕ್ಕಿಗೆ ಹೆಡರ್. ಓಡ್ತಾ ಓಡ್ತಾ ತೋಳಿಂದ ಕ್ಯಾಟಲನ್ ಬಾವುಟದ ಬಣ್ಣದ ಪಟ್ಟಿ ಬಿಚ್ಚಿ ಮುತ್ತು ಕೊಟ್ಟ. ಅಷ್ಟು ಸಂಭ್ರಮ ಪಟ್ಟ ಇದೇ ಮನುಷ್ಯ 2012ರಲ್ಲಿ ರಾಯೋ ವಯೆಕಾನೊ ಅನ್ನೋ ಸಣ್ಣ ಕ್ಲಬ್ ಮೇಲೆ 7-0 ಗೆಲ್ಲೋ ಮ್ಯಾಚಲ್ಲಿ, ಗೋಲ್ ಹೊಡೆದ ತಿಯಾಗೊ, ಡ್ಯಾನಿ ಆಲ್ವೆಸ್ ಜೊತೆ ಸೇರಿ ಡ್ಯಾನ್ಸ್ ಮಾಡೋಕೆ ಹೊರಟಾಗ ಹಿಂದಿಂದ ಓಡಿ ಬಂದು ಇಬ್ಬರನ್ನೂ ಎಳೆದು ನಿಲ್ಲಿಸಿದ, ನಡೀರಿ ಆಡೋಕೆ ಅಂತ. ಸೋತು ನಿಂತವರ ಮುಂದೆ ಕುಣೀಬೇಡಿ ಅನ್ನೋದು ಅಷ್ಟೇ. ಸಮಬಲದವರ ಮೇಲೆ ಗೆದ್ರೆ ಒಂದು, ಬಿದ್ದವರ ಮೇಲೆ ಗೆದ್ರೆ ಇನ್ನೊಂದು, ಆ ವ್ಯತ್ಯಾಸ ಅವನಿಗೆ ಗೊತ್ತಿತ್ತು.

ನನಗೆ ಇವತ್ತಿಗೂ ಗಂಟಲು ಕಟ್ಟೋ ದೃಶ್ಯ 2011ರ ಮೇ 28ರದ್ದು, ಲಂಡನ್ನಿನ ವೆಂಬ್ಲಿಯಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್. ಟೀಮಿನ ಎರಿಕ್ ಅಬಿದಾಲ್‌ಗೆ ಆ ಮಾರ್ಚಲ್ಲಿ ಯಕೃತ್ತಿನ ಗೆಡ್ಡೆಗೆ ಆಪರೇಷನ್ ಆಗಿತ್ತು, ಎರಡು ತಿಂಗಳು ಚಿಲ್ಲರೆ ದಿನದಲ್ಲಿ ಆತ ಫೈನಲ್ ಪೂರ್ತಿ ಆಡಿದ. ಪುಯೋಲ್‌ಗೆ ಮಂಡಿ ನೋವು, ಬೆಂಚಲ್ಲಿ ಕೂತಿದ್ದ, ಕೊನೇ ಒಂದೆರಡು ನಿಮಿಷಕ್ಕೆ ಇಳಿದ. ಕಪ್ ತಗೊಳ್ಳೋಕೆ ಮೆಟ್ಟಿಲು ಹತ್ತಿದಾಗ ಕ್ಯಾಪ್ಟನ್ ಪಟ್ಟಿಯನ್ನ ಅಬಿದಾಲ್ ತೋಳಿಗೆ ಹಾಕಿ ಮೊದಲು ನೀನೆತ್ತು ಅಂತ ಮುಂದೆ ಬಿಟ್ಟ. ಯುರೋಪಿನ ದೊಡ್ಡ ಕಪ್ಪನ್ನ ಮೊದಲು ಎತ್ತೋ ಅವಕಾಶ ಯಾರಾದ್ರೂ ಇನ್ನೊಬ್ಬರಿಗೆ ಕೊಡ್ತಾರಾ?

ವಿಶ್ವಕಪ್ ವಿಷಯಕ್ಕೆ ಬಂದ್ರೆ ನಮ್ಮ ಲೇಖನ ಅವನಿಗೆ ಮಾಡಿದ ಅನ್ಯಾಯ ಇನ್ನೂ ದೊಡ್ಡದು. 2010ರಲ್ಲಿ ಸ್ಪೇನ್ ಏಳು ಮ್ಯಾಚಲ್ಲಿ ಬಿಟ್ಟುಕೊಟ್ಟಿದ್ದು ಎರಡೇ ಗೋಲು, ನಾಕೌಟ್‌ನಲ್ಲಿ ಒಂದೂ ಇಲ್ಲ, ನಾಲ್ಕೂ ಮ್ಯಾಚ್ 1-0. ಒಂದೊಂದೇ ಗೋಲಿಗೆ ಗೆಲ್ಲೋ ಟೀಮಿನ ಕಥೆ ಬರೆದು ಡಿಫೆಂಡರ್‌ಗೆ ಎರಡು ಪದ ಕೊಟ್ಟಿದೀವಲ್ಲ, ನಾಚಿಕೆ ಆಗುತ್ತೆ. ಫೈನಲ್‌ನ 83ನೇ ನಿಮಿಷದಲ್ಲಿ ನೆದರ್‌ಲ್ಯಾಂಡ್ಸ್‌ನ ರಾಬೆನ್ ಬಾಲ್ ಹಿಡ್ಕೊಂಡು ನುಗ್ಗಿದಾಗ ಪುಯೋಲ್ ಹಿಂದಿಂದ ಸೊಂಟ ಹಿಡಿದು ಎಳೆದ, ರಾಬೆನ್ ಬೀಳದೆ ಮುಂದೆ ಹೋದ, ಸ್ಪೇನ್ ಕೀಪರ್ ಕಸಿಯಾಸ್ ಬಂದು ಬಾಲ್ ಹಿಡ್ಕೊಂಡ. ಪುಯೋಲ್‌ಗೆ ಆಗ್ಲೇ ಒಂದು ಹಳದಿ ಕಾರ್ಡ್ ಇತ್ತು, ರಾಬೆನ್ ಬಿದ್ದಿದ್ರೆ ಇನ್ನೊಂದು ಬಂದು ಆಚೆ ಹೋಗಿರ್ತಿದ್ದ ಅಂತ ನಾನು ನಂಬ್ತೀನಿ. ಅದು ಫೌಲೇ, ನಾನು ಅವನ ಅಭಿಮಾನಿ ಅಂತ ಅದನ್ನ ಮುಚ್ಚಿಡಲ್ಲ, ಹುಡುಗರಿಗೂ ಹಾಗೇ ಹೇಳಿ.

ದೇಶಕ್ಕೆ 100 ಮ್ಯಾಚ್, ಮೂರೇ ಗೋಲು, 2008ರ ಯೂರೋ ಕಪ್ಪೂ ಇತ್ತು. ಕ್ಲಬ್‌ಗೆ 593 ಮ್ಯಾಚ್. ಮೈ ಅದಕ್ಕೆ ಬೆಲೆ ತೆತ್ತಿತು. ಮಂಡಿ ಆಪರೇಷನ್ನಿಂದ 2012ರ ಯೂರೋ ತಪ್ಪಿತು, ಆ ಅಕ್ಟೋಬರ್‌ನಲ್ಲಿ ಲಿಸ್ಬನ್‌ನಲ್ಲಿ ಬೆನ್ಫಿಕಾ ಮೇಲೆ ಆಡ್ವಾಗ ಕೈ ಮೇಲೆ ಬಿದ್ದು ಮೊಣಕೈ ಕೀಲು ತಪ್ಪಿತು, ಆ ದೃಶ್ಯ ಮಾತ್ರ ಮಕ್ಕಳಿಗೆ ತೋರಿಸ್ಬೇಡಿ. 2014ರ ಮಾರ್ಚಲ್ಲಿ ಸೀಸನ್ ಮುಗಿದ್ಮೇಲೆ ಹೊರಡ್ತೀನಿ ಅಂದ, ಆಗ 35 ವರ್ಷ, ಸೀನಿಯರ್ ಆಟಗಾರನಾಗಿ ಬೇರೆ ಯಾವ ಕ್ಲಬ್‌ನ ಜರ್ಸಿನೂ ಹಾಕದೆ ಹೋದ.

ಹುಡುಗರಿಗೆ ಏನು ಹೇಳ್ಲಿ ಅಂದ್ರಲ್ಲ, ಹೇಳೋದಕ್ಕಿಂತ ಒಂದು ಗೋಲ್ ತೋರಿಸಿ. 2010ರ ಜುಲೈ 7, ಡರ್ಬನ್, ಸೆಮಿಫೈನಲ್, 73ನೇ ನಿಮಿಷ. ಎದುರಿಗಿರೋದು ಜರ್ಮನಿ, ಇಂಗ್ಲೆಂಡ್‌ಗೆ ನಾಲ್ಕು, ಅರ್ಜೆಂಟೀನಾಗೆ ನಾಲ್ಕು ಹೊಡೆದು ಬಂದಿದ್ದ ಟೀಮು, ಅವರ ಡಿಫೆನ್ಸಲ್ಲಿ ಆರಡಿ ಮೀರಿದ ಆಳುಗಳಿದ್ರು. ಪುಯೋಲ್ ಎತ್ತರ 178 ಸೆಂಟಿಮೀಟರ್, ಸೆಂಟರ್ ಬ್ಯಾಕ್‌ಗೆ ಅದು ಕಮ್ಮಿನೇ. ಚಾವಿ ಎಡಗಡೆಯಿಂದ ಕಾರ್ನರ್ ಹೊಡೆಯೋಕೆ ಬಾಲ್ ಇಡ್ತಾನೆ, ಅಲ್ಲಿಗೆ ವಿಡಿಯೋ ನಿಲ್ಲಿಸಿ. ಬಾಲ್ ನೋಡ್ಬೇಡಿ, ಪುಯೋಲ್ ಎಲ್ಲಿದಾನೆ ಹುಡುಕಿ ಅನ್ನಿ. ಗೋಲ್ ಹತ್ರ ನೂಕಾಡ್ತಿರೋ ಗುಂಪಲ್ಲಿ ಸಿಗಲ್ಲ. ದೂರದಲ್ಲಿ, ಬಾಕ್ಸಿನ ಆಚೆ ನಿಂತಿರ್ತಾನೆ, ಅವನನ್ನ ಯಾರೂ ಹಿಡ್ಕೊಂಡಿರಲ್ಲ. ಅಲ್ಲಿಂದ ಓಡಿ ಬರೋಕೆ ಅವನಿಗೆ ಎಷ್ಟು ಹೆಜ್ಜೆ ಬೇಕಾಯ್ತು ಅಂತ ಹುಡುಗರು ಎಣಿಸ್ಲಿ, ಆಮೇಲೆ ವಿಡಿಯೋ ಬಿಡಿ. ಎಣಿಸಿದವರು ಎಷ್ಟು ಅಂದ್ರು ಅಂತ ನನಗೊಂದು ಕಾಗದ ಹಾಕಿ ಮೇಷ್ಟ್ರೇ, ಮುಂದಿನ ಸಂಚಿಕೆಯಲ್ಲಿ ಹಾಕ್ತೀನಿ.

- ಸಂಪಾದಕ