ಕಲ್ಯಾಣಮಂಟಪಕ್ಕೆ ಒಂದು ವರ್ಷ, ಮೂಗಿಗೆ ಹದಿನೈದು ದಿನ?

ಪತ್ರ: ಮಗಳ ಮದುವೆ ಬರುವ ವೈಶಾಖಕ್ಕೆ ನಿಶ್ಚಯವಾಗಿದೆ. ಅವಳ ಮೂಗಿನ ಮೇಲಿನ ಉಬ್ಬನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸೋಣ ಎಂದಿದ್ದೇವೆ. ಮಂಗಳೂರಿಗೆ ಮತ್ತೆ ಮತ್ತೆ ಓಡುವುದು ಕಷ್ಟ. ಮದುವೆಗೆ ಹದಿನೈದು ದಿನ ಇರುವಾಗ ಹೋಗಿ, ವೈದ್ಯರನ್ನು ಕಂಡು, ಅದೇ ಪ್ರಯಾಣದಲ್ಲಿ ಮುಗಿಸಿಕೊಂಡು ಬರಬಹುದಲ್ಲವೇ?
– ಒಬ್ಬ ತಾಯಿ, ಬದಿಯಡ್ಕ

ಸಂಪಾದಕರ ಉತ್ತರ: ಅಕ್ಕಾ, ಕಲ್ಯಾಣಮಂಟಪವನ್ನು ಯಾವಾಗ ಗೊತ್ತುಮಾಡಿದಿರಿ? ಅಡುಗೆ ಭಟ್ಟರಿಗೆ ಮುಂಗಡ ಕೊಟ್ಟು ಎಷ್ಟು ದಿನವಾಯಿತು? ನಮ್ಮ ಕಡೆ ಇವಕ್ಕೆಲ್ಲ ವರ್ಷ ಮೊದಲೇ ಓಡಾಡುತ್ತೇವೆ. ಮಗಳ ಮುಖಕ್ಕೆ ಮಾತ್ರ ಹದಿನೈದು ದಿನ ಸಾಕೆಂದು ಹೇಗೆ ತೋರಿತು?

ಓಡಾಟದ ಕಷ್ಟ ನಿಜ. ಅಡಿಕೆ ಕೊಯಿಲಿನ ಕಾಲದಲ್ಲಿ ಮನೆ ಬಿಟ್ಟು ಹೊರಡುವುದು ಸುಲಭವಲ್ಲ. ಆದರೆ ಗಾಯ ಮಾಯುವುದಕ್ಕೆ ಅದರದೇ ಪಂಚಾಂಗವಿದೆ. ಮೂಗಿನ ಶಸ್ತ್ರಚಿಕಿತ್ಸೆಯಾದ ಮೇಲೆ ಸುಮಾರು ಒಂದು ವಾರ ಮೂಗಿನ ಮೇಲೆ ಪಟ್ಟಿ ಇರುತ್ತದೆ. ಕಣ್ಣಿನ ಸುತ್ತ ನೀಲಿಗಟ್ಟಿದ್ದು ಇಳಿಯಲು ಎರಡು ಮೂರು ವಾರ ಹಿಡಿಯಬಹುದು. ಊತದ ಹೆಚ್ಚಿನ ಭಾಗ ಕೆಲವು ತಿಂಗಳಲ್ಲಿ ಇಳಿದರೂ ಮೂಗಿನ ತುದಿ ನಿಜವಾದ ಆಕಾರಕ್ಕೆ ಬರಲು ಒಂದು ವರ್ಷವೂ ಬೇಕಾಗುತ್ತದೆ. ನಿಮ್ಮ ಲೆಕ್ಕದಂತೆ ನಡೆದರೆ ಧಾರೆಯ ಹೊತ್ತಿಗೆ ಆ ಮಗುವಿನ ಮುಖ ಊದಿಕೊಂಡಿರುತ್ತದೆ.

ಆದ್ದರಿಂದ ಈ ತಿಂಗಳಲ್ಲೇ ವೈದ್ಯರನ್ನು ಕಾಣಿರಿ, ಆದರೆ ದಿನ ಗೊತ್ತುಮಾಡಿಕೊಳ್ಳದೆ ಹಿಂತಿರುಗಿ ಬನ್ನಿರಿ. ‘ಬೇಡ’ ಎನ್ನಲು ಬಿಡುವಿರುವಾಗ ಆಡುವ ಮಾತೇ ನಿಜವಾದ ಸಮಾಲೋಚನೆ ಎಂದು ನಾನು ನಂಬಿದ್ದೇನೆ. ಫ್ರಾನ್ಸಿನಲ್ಲಿ ಖರ್ಚಿನ ವಿವರ ಕೈಗೆ ಬಂದ ಮೇಲೆ 15 ದಿನ ಕಳೆಯದೆ ಸೌಂದರ್ಯ ಶಸ್ತ್ರಚಿಕಿತ್ಸೆ ಮಾಡುವಂತಿಲ್ಲ. ಆಸ್ಟ್ರೇಲಿಯಾದಲ್ಲಿ 2023ರ ಜುಲೈಯಿಂದ ಕನಿಷ್ಠ ಎರಡು ಭೇಟಿಗಳು ಕಡ್ಡಾಯ. ಮೊದಲ ಭೇಟಿಯಲ್ಲೇ ಒಪ್ಪಿಗೆಯ ಸಹಿ ಪಡೆಯುವಂತಿಲ್ಲ, ಸಹಿಯಾದ ಮೇಲೂ ಏಳು ದಿನ ಕಾಯಬೇಕು. ನಮ್ಮಲ್ಲಿ ಇಂಥ ಕಾಯುವಿಕೆಯನ್ನು ನಾವೇ ಹಾಕಿಕೊಳ್ಳಬೇಕಾಗಿದೆ.

ನನ್ನ ಸೋದರ ಸೊಸೆಯೊಬ್ಬಳು ಸೌಂದರ್ಯ ಶಸ್ತ್ರಚಿಕಿತ್ಸೆಯ ಒಂದು ಚಿಕಿತ್ಸಾಲಯಕ್ಕೆ ಹೋಗಿದ್ದಳು. ವೈದ್ಯರಿಗಿಂತ ಮೊದಲು ಸಿಕ್ಕಿದ್ದು ಹಣದ ಲೆಕ್ಕ ಹೇಳುವ ಹುಡುಗಿ. ‘ಇಂದೇ ಮುಂಗಡ ಕಟ್ಟಿದರೆ ರಿಯಾಯಿತಿ’ ಎಂದಳಂತೆ. ಹೊರಗೆ ನಿಂತಿದ್ದ ನನಗೆ ಸೊಸೆ ಫೋನ್ ಮಾಡಿದಳು. ‘ಎದ್ದು ಬಾ’ ಎಂದೆ. ಆ ಸಂಜೆಯ ರೈಲಿನಲ್ಲಿ ಅವಳು ಒಂದು ಮಾತೂ ಆಡಲಿಲ್ಲ. ಮೂರು ತಿಂಗಳ ಬಳಿಕ ಬೇರೆ ವೈದ್ಯರನ್ನು ಕಂಡು, ಯೋಚಿಸಿ, ಮಾಡಿಸಿಕೊಂಡಳು. ಈಗ ಸಂತೋಷವಾಗಿದ್ದಾಳೆ.

ವೈದ್ಯರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿ.ಎಚ್. ಅಥವಾ ಡಿ.ಎನ್.ಬಿ. (ಈಗಿನ ಹೆಸರು ಡಿಆರ್.ಎನ್.ಬಿ.) ಎಂಬ ಉನ್ನತ ಪದವಿ ಪಡೆದವರೇ ಎಂದು ಕೇಳಿರಿ. ಕತ್ತಿ ಹಿಡಿಯುವವರು ಅವರೇ ತಾನೇ ಎಂದೂ ಕೇಳಿರಿ. ಮನೆಯಲ್ಲಿ ಕುಡಿಯುವ ಕಷಾಯ, ನುಂಗುವ ನೋವಿನ ಮಾತ್ರೆ, ಯಾವುದನ್ನೂ ಮುಚ್ಚಿಡಬೇಡಿರಿ. ಆಸ್ಪಿರಿನ್‌ನಂಥವು ರಕ್ತಸ್ರಾವ ಹೆಚ್ಚಿಸುತ್ತವೆ. ಅವುಗಳನ್ನು ಮೊದಲೇ ನಿಲ್ಲಿಸಬೇಕಾಗಬಹುದು, ಆದರೆ ವೈದ್ಯರು ಹೇಳಿದ ಮೇಲೆಯೇ. ಹೊಗೆಸೊಪ್ಪು ರಕ್ತನಾಳಗಳನ್ನು ಕುಗ್ಗಿಸಿ ಗಾಯ ಮಾಯಲು ಬಿಡುವುದಿಲ್ಲ. ವಾರಗಟ್ಟಲೆ ಮೊದಲೇ ಬಿಡಬೇಕು. ಹದಿನೈದು ದಿನದಲ್ಲಿ ಇದಕ್ಕೆಲ್ಲ ಜಾಗವೆಲ್ಲಿ?

ನಿಮ್ಮ ಪತ್ರ ಓದುವಾಗ ಇನ್ನೊಂದು ಪತ್ರ ನೆನಪಾಯಿತು. 1794ರಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜಿನ್’ಗೆ ಯಾರೋ ಬರೆದದ್ದು. ಇಂಗ್ಲಿಷರ ಸೇನೆಯಲ್ಲಿ ಎತ್ತು ಹೊಡೆಯುತ್ತಿದ್ದ ಕವಾಸ್ಜಿ ಎಂಬವನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗು ಕಳೆದುಕೊಂಡ. ವರ್ಷಕ್ಕೂ ಹೆಚ್ಚು ಕಾಲ ಹಾಗೆಯೇ ಇದ್ದು, ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದವನೊಬ್ಬನಿಂದ ಹಣೆಯ ಚರ್ಮದ ಹೊಸ ಮೂಗು ಪಡೆದ. ಆ ವರದಿ ತಿಳಿದ ಜೋಸೆಫ್ ಕಾರ್ಪ್ಯೂ ಎಂಬ ವೈದ್ಯ ಹೆಣಗಳ ಮೇಲೆ ಕೈ ಪಳಗಿಸಿ, ಜೀವಂತ ಮನುಷ್ಯನ ಮೇಲೆ ಅದನ್ನು ಮಾಡಿದ್ದು 1814ರಲ್ಲಿ. ಇಪ್ಪತ್ತು ವರ್ಷ! ಪತ್ರಿಕೆಗೆ ಬರೆಯುವ ಓದುಗರನ್ನು ನಾನು ಹಗುರವಾಗಿ ಕಾಣದಿರುವುದು ಇದಕ್ಕೇ.

ನಮ್ಮ ಅವಸರಕ್ಕೆ ಬೇರೆ ಕಾರಣವೂ ಇದೆ. ಕೇರಳದ ಗಡಿಯಲ್ಲಿರುವ ಕಾಸರಗೋಡಿನ ಕನ್ನಡಿಗರಿಗೆ ಆಸ್ಪತ್ರೆಯೆಂದರೆ ಮಂಗಳೂರು, ಬೆಳಗಿನ ರೈಲಿಗೆ ಹೋಗಿ ಕತ್ತಲಾಗುವ ಮುನ್ನ ತಿರುಗಿ ಬರುವ ಊರು. 2020ರಲ್ಲಿ ಕೊರೋನಾ ಕಾಲಕ್ಕೆ ಎರಡು ರಾಜ್ಯಗಳ ಗಡಿಯಾದ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ರೋಗಿಗಳು ಗಡಿಯಲ್ಲೇ ತಡೆದು ನಿಂತದ್ದನ್ನು ನಾವು ಮರೆತಿಲ್ಲ. ನಮ್ಮ ಜಿಲ್ಲೆಯ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿಗಾಗಿ ಎಷ್ಟು ವರ್ಷ ಬಾಯಿ ಒಣಗಿಸಿಕೊಂಡೆವು! ಒಪ್ಪಿಗೆಯ ಕಾಗದದ್ದೂ ಅದೇ ಕಥೆ: ಇತ್ತ ಮಲಯಾಳ, ಅತ್ತ ಇಂಗ್ಲಿಷ್. ನನ್ನ ಕೈಗೆ ಇದುವರೆಗೆ ಕನ್ನಡದ ಒಂದು ಪ್ರತಿಯೂ ಬಂದಿಲ್ಲ. ಚಿಕಿತ್ಸೆ ಏನು, ಅಪಾಯವೇನು, ಬೇರೆ ದಾರಿಯೇನು ಎಂದು ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದು ಸರ್ವೋಚ್ಚ ನ್ಯಾಯಾಲಯ 2008ರಲ್ಲೇ ಹೇಳಿದೆ. ತಿಳಿಯದ ಭಾಷೆಯಲ್ಲಿ ತಿಳಿಸುವುದೆಂತು? ಕನ್ನಡದಲ್ಲಿ ಓದಿ ಹೇಳಿರೆಂದು ಕೇಳಿರಿ. ನಾಚಿಕೊಳ್ಳಬೇಡಿರಿ.

ಇನ್ನೊಂದು ಮಾತು, ತಪ್ಪು ತಿಳಿಯಬಾರದು. ಪತ್ರದ ತುಂಬ ‘ನಾವು’ ಎಂದಿದೆ. ಮಗಳ ಒಂದು ಮಾತೂ ಇಲ್ಲ. ಆ ಉಬ್ಬು ಅವಳಿಗೆ ಬೇಡವಾಗಿದೆಯೋ, ಮದುವೆಯ ಫೋಟೋ ನೋಡುವವರಿಗೆ ಬೇಡವಾಗಿದೆಯೋ? ಅವಳಿಗೇ ಬೇಕಿದ್ದರೆ ಮದುವೆಯ ಮರುವರ್ಷವೂ ಆದೀತು. ವೈದ್ಯರ ಕೋಣೆಯಲ್ಲಿ ಹತ್ತು ನಿಮಿಷ ಅವಳೊಬ್ಬಳೇ ಕುಳಿತು ಮಾತಾಡಲಿ, ನೀವು ಹೊರಗಿರಿ. ಮುಂದಿನ ಪತ್ರವನ್ನು ಅವಳೇ ಬರೆಯಲಿ. ಈ ಅಂಕಣದಲ್ಲಿ ಅದಕ್ಕೆ ಜಾಗ ಇಟ್ಟಿರುತ್ತೇನೆ.