ದೇವರನ್ನು ನಂಬಿದರೂ ಚಿಂತೆ ಹೋಗದಿದ್ದರೆ ಆ ನಂಬಿಕೆ ಸುಳ್ಳೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ದಿನವೂ ದೇವರಿಗೆ ದೀಪ ಹಚ್ಚುತ್ತೀರಿ. ಆದರೂ ಮನೆ ಸಾಲದ ಕಂತು, ಮಗಳ ಕಾಲೇಜಿನ ಶುಲ್ಕ ನೆನಪಾಗಿ ರಾತ್ರಿ ಮೂರು ಗಂಟೆಗೆ ಎಚ್ಚರವಾಗುತ್ತದೆ. ಬ್ಯಾಂಕಿನಿಂದ ಬಂದ ಪತ್ರವನ್ನು ಒಡೆಯಲು ಧೈರ್ಯ ಸಾಲದೆ ವಾರದಿಂದ ಕಪಾಟಿನಲ್ಲಿಟ್ಟಿದ್ದೀರಿ. ಹಾಗಾದರೆ ನನ್ನ ನಂಬಿಕೆ ಸುಳ್ಳೇ, ದೇವರಿಗೆ ಮೊದಲ ಸ್ಥಾನ ಕೊಡುವುದೆಂದರೆ ಏನು ಎಂದು ಕೇಳಿದ್ದೀರಿ.

ಖಂಡಿತ ಸುಳ್ಳಲ್ಲ. ಸಂಸಾರ ಕಟ್ಟಿಕೊಂಡವರಿಗೆ ಚಿಂತೆ ಬಾರದೆ ಇರುವುದಿಲ್ಲ. ನೀವು ಯಾವ ದೇವರ ಒಕ್ಕಲು ಎಂದು ಬರೆದಿಲ್ಲ. ನಾನು ಕಲಬುರಗಿ ಜಿಲ್ಲೆಯ ರೈತ ಮನೆಯವಳು. ನಮ್ಮದು ಲಿಂಗಪೂಜೆಯ ಮನೆ, ಶರಣಬಸವೇಶ್ವರರಿಗೆ ನಡೆದುಕೊಳ್ಳುತ್ತೇವೆ. ನನಗೆ ಗೊತ್ತಿರುವುದನ್ನು ನನ್ನ ಮನೆಯ ಮಾತಿನಲ್ಲೇ ಹೇಳಬೇಕು.

ನಮಗೆ ನಾಲ್ಕು ಎಕರೆ ಎರೆ ಹೊಲವಿದೆ. ಮಳೆ ನಂಬಿ ತೊಗರಿ ಬಿತ್ತುತ್ತೇವೆ. ಒಳ್ಳೆಯ ವರ್ಷವಾದರೆ ಇಪ್ಪತ್ತು ಕ್ವಿಂಟಲ್ ಹತ್ತಿರ ಬರುತ್ತದೆ. 2022ರಲ್ಲಿ ಕಾಯಿ ಕಟ್ಟುವ ಹೊತ್ತಿಗೆ ನೆಟೆ ರೋಗ ಬಂತು. ಮಣ್ಣಿನಲ್ಲಿರುವ ಶಿಲೀಂಧ್ರ ಬೇರಿನಿಂದ ಏರಿ ಗಿಡಕ್ಕೆ ನೀರು ಹೋಗುವ ದಾರಿಯನ್ನೇ ಮುಚ್ಚಿಬಿಡುತ್ತದೆ. ನೆಲದಲ್ಲಿ ಹಸಿ ಇದ್ದರೂ ಗಿಡ ಬಾಯಾರಿ ಸಾಯುತ್ತದೆ. ನಮ್ಮ ಮನೆಯವರು ಒಂದು ಗಿಡ ಕಿತ್ತು ತಂದು, ಬುಡದ ಹತ್ತಿರ ಕುಡುಗೋಲಿನಿಂದ ಸೀಳಿ ತೋರಿಸಿದರು. ತೊಗಟೆಯ ಒಳಗೆ ಉದ್ದಕ್ಕೂ ಕಂದು ಗೆರೆ, ಸುಟ್ಟ ದಾರದ ಹಾಗೆ. ಬೆಳಗ್ಗೆ ಲಿಂಗ ಹಿಡಿದು ಪೂಜಿಸಿದ ಅಂಗೈಯಲ್ಲೇ ಅವರು ಆ ಕಾಂಡವನ್ನು ಹಿಡಿದಿದ್ದರು. ವಿಭೂತಿಯ ಬಿಳುಪು ಇನ್ನೂ ಬೆರಳಿಗೆ ಅಂಟಿತ್ತು.

ಅಂದಿನಿಂದ ಅವರು ಹೊಲಕ್ಕೆ ಹೋಗುವುದನ್ನೇ ಬಿಟ್ಟರು. ಪಡಸಾಲೆಯಲ್ಲಿ ಹೊರಸಿನ ಮೇಲೆ ಮಲಗಿ ಮೊಬೈಲಿನಲ್ಲಿ ತೊಗರಿ ದರ ನೋಡುವುದು, ಎದ್ದು ಕೂರುವುದು, ಮತ್ತೆ ಮಲಗುವುದು. ಹಗಲು ರಾತ್ರಿ ಹೊಲದ್ದೇ ಚಿಂತೆ, ಆದರೆ ಹೊಲದ ಕಡೆ ಹೆಜ್ಜೆ ಇಡಲಿಲ್ಲ. ನನ್ನ ಪಾಡೂ ಅದೇ. ಪೂಜೆಗೆ ಕುಳಿತರೆ ಅಂಗೈಯಲ್ಲಿ ಲಿಂಗ, ಮನಸ್ಸಿನಲ್ಲಿ ಸೊಸೈಟಿಯ ಸಾಲದ ಬಾಕಿ.

ಡಿಸೆಂಬರ್ ಕೊನೆಗೆ ಎಳ್ಳ ಅಮಾವಾಸ್ಯೆ ಬಂತು. ನಮ್ಮ ಕಡೆ ಆ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡಿ, ಹೊಲದ ತುಂಬ ಚರಗ ಚೆಲ್ಲುತ್ತೇವೆ. ಪೈರು ಹೊತ್ತ ಭೂಮಿ ಬಸುರಿ, ಚರಗ ಅವಳಿಗೆ ಉಣಿಸುವ ಬಯಕೆಯ ಊಟ. ಹಿಂದಿನ ದಿನ ಸಂಜೆ, "ಒಣಗಿದ ಹೊಲಕ್ಕೆ ಎಂಥ ಚರಗ, ಈ ವರ್ಷ ಬಿಡೋಣ ಅತ್ತೆ" ಎಂದೆ. ಅತ್ತೆ ಸಜ್ಜೆ ಹಿಟ್ಟು ನಾದುತ್ತಿದ್ದರು. ಕೈ ನಿಲ್ಲಿಸಲಿಲ್ಲ. "ಹೊಟ್ಟೆಯ ಕೂಸು ಕಳೆದುಕೊಂಡವಳಿಗೆ ಊಟಕ್ಕೆ ಇಕ್ಕುವುದಿಲ್ಲವೇನು?" ಎಂದರು. ಅವರು ಎರಡು ಕೂಸು ಕಳೆದುಕೊಂಡವರು. ನಾನು ಮರುಮಾತಾಡದೆ ಭಜ್ಜಿಯ ಸೊಪ್ಪು ಸೋಸಲು ಕುಳಿತೆ.

ಮರುದಿನ ಮನೆಯವರು ತಾಯಿಯ ಮಾತು ಮೀರಲಾಗದೆ ಎದ್ದು ಬಂದರು. ಚರಗ ಚೆಲ್ಲಬೇಕಾದರೆ ಹೊಲದ ನಾಲ್ಕೂ ಮೂಲೆ ತಿರುಗಬೇಕು. ಅವರು ಮುಂದೆ ಚೆಲ್ಲುತ್ತ ಹೋದರು, ನಾನು ಹಿಂದೆ ನೀರು ಚಿಮುಕಿಸುತ್ತ ಹೋದೆ. ಕಾಲಿಗೆ ತಾಗಿದ ಗಿಡಗಳು ಒಣ ಕಾಯಿಯ ಸದ್ದು ಮಾಡುತ್ತಿದ್ದವು. ಹಳ್ಳದ ಕಡೆಯ ಮೂಲೆಗೆ ಬಂದಾಗ ಅವರು ನಿಂತುಬಿಟ್ಟರು. ಅಲ್ಲಿ ಒಂದು ಪಟ್ಟಿಯಷ್ಟು ತೊಗರಿ ಇನ್ನೂ ಹಸಿರಾಗಿತ್ತು. ಹಿಂದಿನ ಎರಡು ವರ್ಷ ಆ ಪಟ್ಟಿಗೆ ಜೋಳ ಹಾಕಿದ್ದೆವು, ಉಳಿದ ಹೊಲಕ್ಕೆ ಪ್ರತಿ ವರ್ಷ ತೊಗರಿಯ ಮೇಲೆ ತೊಗರಿ. ಅವರು ಬಗ್ಗಿ ಆ ಗಿಡಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಮೂರು ವಾರದ ಮೇಲೆ ಅಂದು ಮೊದಲ ಸಲ ಅವರ ಬಾಯಿಂದ ಕೆಲಸದ ಮಾತು ಬಂತು: "ನಾಳೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಬರುತ್ತೇನೆ."

ಹೋದರು. ಒಂದೇ ಹೊಲಕ್ಕೆ ವರ್ಷ ವರ್ಷ ತೊಗರಿ ಹಾಕಬೇಡಿ, ನಡುವೆ ಜೋಳ ಬೆಳೆಯಿರಿ, ಬೀಜಕ್ಕೆ ಟ್ರೈಕೋಡರ್ಮಾ, ಅಂದರೆ ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರ, ಹಚ್ಚಿ ಬಿತ್ತಿರಿ ಎಂದು ಅಲ್ಲಿಯವರು ಹೇಳಿ ಕಳಿಸಿದರು. ಬೆಳೆ ವಿಮೆಗೆ ಮುಂಗಾರಿನ ಲೆಕ್ಕದಲ್ಲಿ ವಿಮೆಯ ಮೊತ್ತದ ನೂರಕ್ಕೆ ಎರಡರಂತೆ ಕಂತು ಕಟ್ಟಿದ್ದೆವು. ಅದರ ಕಾಗದಪತ್ರ ಹುಡುಕಿ ಹೊರತೆಗೆದೆವು. ಬೆಳೆ ಬದುಕಲಿಲ್ಲ. ಆ ವರ್ಷ ರಾಶಿ ಮಾಡಿದಾಗ ಸಿಕ್ಕಿದ್ದು ಮೂರೇ ಕ್ವಿಂಟಲ್. ಆದರೆ ಮನೆಯವರು ಹೊರಸು ಬಿಟ್ಟು ಎದ್ದಿದ್ದರು. ಅತ್ತೆಯ ನಂಬಿಕೆ ಅವರನ್ನು ಹೊಲದ ಮುಂದೆ ನಿಲ್ಲಿಸಿತು. ಚಿಂತೆ ಮೂರು ವಾರ ಹೊಲದ ಹೆಸರು ಹೇಳಿಕೊಂಡೇ ಅವರನ್ನು ಹೊಲದಿಂದ ದೂರ ಇಟ್ಟಿತ್ತು.

ಇನ್ನು ಮೊದಲ ಸ್ಥಾನದ ಮಾತು. ಇಲ್ಲಿ ನನ್ನ ತಪ್ಪನ್ನೇ ಹೇಳಬೇಕು. ನಮ್ಮ ಮನೆಯಲ್ಲಿ ರಾಶಿಯ ಕಾಳಿನಿಂದ ಮೊದಲು ಐದು ಸೇರು ಶರಣಬಸವೇಶ್ವರರ ದಾಸೋಹಕ್ಕೆ ಅಳೆದಿಡುವುದು ರೂಢಿ. ಶರಣರು 18ನೇ ಶತಮಾನದಲ್ಲಿ ಅರಳಗುಂಡಗಿಯಲ್ಲಿ ಹುಟ್ಟಿದವರು, ಒಕ್ಕಲುತನ ಮಾಡಿದವರು. ತೆನೆಗೆ ಬಂದ ಹಕ್ಕಿಗಳನ್ನು ಓಡಿಸದೆ, ತಿಂದು ಬಾಯಾರಿಕೆಯಾಗುತ್ತದೆಂದು ನೀರು ಇಡುತ್ತಿದ್ದರು ಎಂಬ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಆ ವರ್ಷ ನಾನು ಆ ಐದು ಸೇರನ್ನು ಅಳೆಯಲಿಲ್ಲ. ಮೂರು ಕ್ವಿಂಟಲಿನಲ್ಲಿ ಎಲ್ಲಿಯ ದಾಸೋಹ, ನಮಗೇ ಯಾರಾದರೂ ಕೊಡಬೇಕು ಎಂದುಕೊಂಡೆ. ಅತ್ತೆಗೆ ಹೇಳದೆ ಡಬ್ಬಿಯಲ್ಲಿ ಹಾಕಿ ಅಟ್ಟದ ಮೇಲಿಟ್ಟೆ. ಆ ಐದು ಸೇರಿನಿಂದ ನನ್ನ ಚಿಂತೆ ಒಂದು ಕಾಳಿನಷ್ಟೂ ಕಡಿಮೆಯಾಗಲಿಲ್ಲ. ಬದಲಿಗೆ ಹುಳು ಬಿದ್ದಿತೇ, ಅತ್ತೆ ನೋಡಿದರೇ ಎಂಬ ಇನ್ನೊಂದು ಚಿಂತೆ ಸೇರಿಕೊಂಡಿತು.

ಆಗ ಆಯ್ದಕ್ಕಿ ಲಕ್ಕಮ್ಮನ ಕಥೆ ನೆನಪಾಗುತ್ತಿತ್ತು. 12ನೇ ಶತಮಾನದ ಕಲ್ಯಾಣ, ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಬಸವಣ್ಣನವರ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಕಂಡವಳೇ, ಇದು ಇಂದಿನ ದಾಸೋಹಕ್ಕೆ ಬೇಕಾದುದಕ್ಕಿಂತ ಹೆಚ್ಚು, ತಂದಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದಳು. ಮೊದಲು ನನಗೆ ಈ ಕಥೆ ಹಿಡಿಸುತ್ತಿರಲಿಲ್ಲ. ರೈತರು ನಾಳೆಗೆಂದು ಎತ್ತಿಡದಿದ್ದರೆ ಬಿತ್ತನೆಗೆ ಬೀಜ ಎಲ್ಲಿಂದ ತರಬೇಕು? ಈಗ ನನಗೆ ತೋಚುವುದು ಇಷ್ಟು. ಬೀಜಕ್ಕೆ ಇಟ್ಟ ಕಾಳು ಮತ್ತೆ ಮಣ್ಣಿಗೆ ಹೋಗುತ್ತದೆ. ತಿನ್ನಬಹುದಾದುದನ್ನು ದೇವರನ್ನು ನಂಬಿ ನೆಲದಲ್ಲಿ ಹೂಳುತ್ತೇವೆ. ಅಟ್ಟದ ಮೇಲಿನ ಡಬ್ಬಿ ಅಂಥದ್ದಾಗಿರಲಿಲ್ಲ. ಅದು ನಾನು ಹೆದರಿ ಮುಚ್ಚಿಟ್ಟದ್ದು. ಯುಗಾದಿಗೆ ಮುಂಚೆ ಡಬ್ಬಿ ಇಳಿಸಿ, ಅತ್ತೆಯ ಮುಂದೆ ತಪ್ಪೊಪ್ಪಿಕೊಂಡು, ಕಲಬುರಗಿಗೆ ಬಸ್ಸಿನಲ್ಲಿ ಒಯ್ದು ದಾಸೋಹಕ್ಕೆ ಕೊಟ್ಟು ಬಂದೆ. ಅಂದಿನಿಂದ ಕಾಳು ಎಷ್ಟೇ ಬರಲಿ, ವ್ಯಾಪಾರಿಯ ತೂಕದ ಕಾಟಾ ಮನೆಗೆ ಬರುವ ಮುಂಚೆ ಆ ಐದು ಸೇರು ಅಳೆದು ಬೇರೆ ಇಡುತ್ತೇನೆ. ಮೊದಲ ಸ್ಥಾನ ಎಂದರೆ ನನಗೆ ತಿಳಿದಿರುವುದು ಇದೇ. ಮನಸ್ಸು ಶಾಂತವಾದ ಮೇಲೆ ಕೊಡುತ್ತೇನೆ, ಕಷ್ಟ ಕಳೆದ ಮೇಲೆ ಪೂಜೆಗೆ ಕೂರುತ್ತೇನೆ ಎಂದರೆ ಆ ದಿನ ಬರುವುದಿಲ್ಲ. ಕೈ ಮೊದಲು ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೋಡಿಕೊಳ್ಳುತ್ತೇನೆ. ಬೆಳಗ್ಗೆ ಮೊಬೈಲ್ ಮುಟ್ಟುವ ಮುಂಚೆ ಸ್ನಾನ, ವಿಭೂತಿ, ಲಿಂಗ. ಮನಸ್ಸು ಅಲೆದಾಡಿದರೆ ಅಲೆದಾಡಲಿ, ಅಂಗೈ ಅಲ್ಲೇ ಇರುತ್ತದೆ.

ರಾತ್ರಿ ಮೂರರ ಎಚ್ಚರದ ಬಗ್ಗೆ ಒಂದು ಮಾತು. ನಾನು ಆಗ ಚಿಂತೆಯೊಂದಿಗೆ ವಾದಕ್ಕೆ ಇಳಿಯುವುದಿಲ್ಲ. ಬೆರಳ ಗೆಣ್ಣಿನ ಮೇಲೆ ಓಂ ನಮಃ ಶಿವಾಯ ಎಣಿಸುತ್ತೇನೆ, ಎಷ್ಟೋ ಸಲ ಲೆಕ್ಕ ಮುಗಿಯುವುದರೊಳಗೆ ನಿದ್ದೆ ಬಂದಿರುತ್ತದೆ. ಆದರೆ ನಿದ್ದೆಯಿಲ್ಲದ ರಾತ್ರಿಗಳು ವಾರಗಟ್ಟಲೆ ಮುಂದುವರಿದು ಬದುಕೇ ಬೇಡ ಎನ್ನಿಸಿದರೆ ದಯವಿಟ್ಟು ವೈದ್ಯರ ಬಳಿ ಹೋಗಿ, ಅಥವಾ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲಿ ಮಾತಾಡುತ್ತಾರೆ. ಹಾಗೆ ಹೋದರೆ ದೇವರ ಮೇಲಿನ ನಂಬಿಕೆಗೆ ಕುಂದು ಎಂದು ಯಾರು ಹೇಳಿದರೂ ಕೇಳಬೇಡಿ. ಜ್ವರಕ್ಕೆ ಗುಳಿಗೆ ತೆಗೆದುಕೊಳ್ಳುವವರನ್ನು ನಾಸ್ತಿಕರೆಂದು ಯಾರೂ ಕರೆಯುವುದಿಲ್ಲ.

ಈಗ ಕಪಾಟಿನಲ್ಲಿರುವ ಆ ಪತ್ರ. ನಮ್ಮ ಮನೆಯವರ ಹೊಲದಂತೆಯೇ ಅದು. ನೋಡದೆ ಇಟ್ಟಷ್ಟು ದಿನ ಅದು ಬೆಳೆಯುತ್ತದೆ. ನಾಳೆ ಬೆಳಗ್ಗೆ ದೀಪ ಹಚ್ಚಿದ ಮೇಲೆ, ದೇವರ ಮುಂದೆಯೇ ಕುಳಿತು ಒಡೆಯಿರಿ. ಮನೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅದೇ ದಿನ ಬ್ಯಾಂಕಿಗೆ ಹೋಗಿ, ಕಂತಿನ ಅವಧಿಯನ್ನು ಹೆಚ್ಚಿಸಿಕೊಡುತ್ತೀರಾ ಎಂದು ಕೇಳಿ. ಆ ವರ್ಷ ನಾವೂ ಹೀಗೆ ಕೇಳಿ ಗಡುವು ಪಡೆದೆವು. ಪತ್ರದಲ್ಲಿ ಏನಿದೆ ಎಂದು ಇಲ್ಲಿ ಬರೆಯಿರಿ. ಅರ್ಜಿಯಲ್ಲಿ ಏನೇನು ಬರೆಯಬೇಕೆಂದು ನಮ್ಮ ಮನೆಯವರನ್ನು ಕೇಳಿ ಹೇಳುತ್ತೇನೆ.