ಅಟ್ಟದ ಮೇಲಿನ ಕೊಬ್ಬರಿ, ಇಂಡೊನೇಷ್ಯಾದ ಸುದ್ದಿ

ಪ್ರಶ್ನೆ: ನಮ್ಮದು ಎರಡೂವರೆ ಎಕರೆ ತೆಂಗಿನ ತೋಟ. ಮಗ ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಆರನೇ ತರಗತಿ ಓದುತ್ತಿದ್ದಾನೆ. ಈಗಲೇ ಕೋಡಿಂಗ್ ಕಲಿಸದಿದ್ದರೆ ಅವನು ಹಿಂದೆ ಬೀಳುತ್ತಾನೆಂದು ಒಂದು ಕಂಪನಿಯವರು ದಿನಾ ಫೋನ್ ಮಾಡುತ್ತಾರೆ. ಶುಲ್ಕ 40 ಸಾವಿರ, ಕಂತಿನಲ್ಲಿ ಕಟ್ಟಬಹುದಂತೆ. ಇಂಗ್ಲಿಷ್ ಮಾಧ್ಯಮಕ್ಕೆ ಹಾಕು ಎಂದು ತಮ್ಮನ ಒತ್ತಾಯ. ಎಐ ಬಂದು ಕೆಲಸಗಳೇ ಇಲ್ಲವಾಗುತ್ತವೆ ಎಂಬ ಭಯ ಬೇರೆ. ಏನು ಮಾಡಲಿ?
- ಒಬ್ಬ ತಾಯಿ, ತಿಪಟೂರು ತಾಲ್ಲೂಕು

ಉತ್ತರ: ಮೊದಲು ಆ ಫೋನಿನ ವಿಷಯ ಮುಗಿಸಿಬಿಡೋಣ. ಬೇಡ ಎನ್ನಿ. ಇಂಥ ಕಂತು ಎಷ್ಟೋ ಸಲ ನಿಮ್ಮ ಹೆಸರಿನಲ್ಲಿ ಫೈನಾನ್ಸ್ ಕಂಪನಿಯೊಂದು ಕೊಡುವ ಸಾಲವಾಗಿರುತ್ತದೆ. ಮಗ ಎರಡೇ ತಿಂಗಳಿಗೆ ಪಾಠ ಬಿಟ್ಟರೂ ಸಾಲ ನಿಮ್ಮನ್ನು ಬಿಡುವುದಿಲ್ಲ. ಹನ್ನೊಂದು ವರ್ಷದ ಹುಡುಗನಿಗೆ ಕೋಡಿಂಗ್ ಬಾರದಿದ್ದರೆ ಯಾವ ನಷ್ಟವೂ ಇಲ್ಲ.

ಮಾಧ್ಯಮದ ಪ್ರಶ್ನೆ ಅಷ್ಟು ಸುಲಭದ್ದಲ್ಲ. ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಹಾಗಾಗಿ ಆಯ್ಕೆ ನಿಮ್ಮದೇ. ಸಾಧ್ಯವಿರುವ ಕಡೆ ಐದನೇ ತರಗತಿಯವರೆಗಾದರೂ ಮನೆಮಾತಿನಲ್ಲಿ ಕಲಿಸಿ ಎನ್ನುವ 2020ರ ಶಿಕ್ಷಣ ನೀತಿಯ ಗಡಿಯನ್ನೂ ನಿಮ್ಮ ಮಗ ದಾಟಿದ್ದಾನೆ. ಆದರೂ ನಿರ್ಧರಿಸುವ ಮೊದಲು ಒಂದು ಸಂಜೆ ಹೀಗೆ ಮಾಡಿ. ವಿಜ್ಞಾನದ ಪುಸ್ತಕದಲ್ಲಿ ಒಂದು ಪುಟ ಓದಿಸಿ, ಪುಸ್ತಕ ಮುಚ್ಚಿಸಿ, ಅಜ್ಜಿಗೆ ಅರ್ಥವಾಗುವ ಹಾಗೆ ಹೇಳು ಎನ್ನಿ. ಹೇಳಿದರೆ, ಅದನ್ನೇ ಇಂಗ್ಲಿಷಿನಲ್ಲಿ ಹೇಳುವುದನ್ನು ನಿಧಾನವಾಗಿ ಕಲಿಯುತ್ತಾನೆ. ತಡವರಿಸಿದರೆ ಮಾಧ್ಯಮ ಬದಲಿಸಿ ಪ್ರಯೋಜನವಿಲ್ಲ. ಕನ್ನಡದಲ್ಲಿ ಅರ್ಥವಾಗದ್ದನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡುತ್ತಾನೆ, ಅಂಕವೂ ಬರಬಹುದು, ನೀವು ಖುಷಿಪಡುತ್ತೀರಿ. ಮೂವತ್ತು ವರ್ಷ ಪಾಠ ಮಾಡಿದ ನಾನು ಆ ಖುಷಿ ಪಿಯುಸಿಯಲ್ಲಿ ಕರಗುವುದನ್ನು ಬೇಕಾದಷ್ಟು ನೋಡಿದ್ದೇನೆ. ಸದ್ಯಕ್ಕೆ ಕನ್ನಡ ಮಾಧ್ಯಮವೇ ಇರಲಿ. ಇಂಗ್ಲಿಷಿಗೆ ದಿನಕ್ಕೆ ಅರ್ಧ ಗಂಟೆ ತಪ್ಪದೆ ಕೊಡಿ, ಅದರಲ್ಲಿ ಕೇಳುವುದು ಮತ್ತು ಮಾತನಾಡುವುದೇ ಹೆಚ್ಚಿರಲಿ. ಮುಂದೆ ಅದು ಬೇಕೇ ಬೇಕು.

ಇನ್ನು ಬದಲಾಗುತ್ತಿರುವ ಜಗತ್ತು. ಅದು ಆಗಲೇ ನಿಮ್ಮ ಅಟ್ಟ ಹತ್ತಿ ಕೂತಿದೆ. ಸಿಪ್ಪೆಸಮೇತ ಕಾಯಿ ಹತ್ತು ಹನ್ನೊಂದು ತಿಂಗಳು ಅಲ್ಲಿ ಒಣಗಿ, ಅಲ್ಲಾಡಿಸಿದರೆ ಒಳಗೆ ಗಡಗಡ ಎನ್ನುವ ಹೊತ್ತಿಗೆ ಜಗತ್ತಿನಲ್ಲಿ ಏನೇನೋ ನಡೆದುಹೋಗಿರುತ್ತದೆ. ಇಂಡೊನೇಷ್ಯಾ 2022ರ ಏಪ್ರಿಲ್ 28ರಂದು ತಾಳೆ ಎಣ್ಣೆಯ ರಫ್ತು ನಿಲ್ಲಿಸಿ, ಮೇ 23ಕ್ಕೆ ಮತ್ತೆ ಬಿಟ್ಟಿತು. ನಾವು ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದ್ದು. ಹಾಗಾದರೆ ನಿಮ್ಮ ಕೊಬ್ಬರಿಗೂ ಅದರ ಬಿಸಿ ತಟ್ಟುತ್ತದೆಯೇ? ತಿಪಟೂರಿನ ಉಂಡೆ ಕೊಬ್ಬರಿ ಹೆಚ್ಚಾಗಿ ಗಾಣಕ್ಕೆ ಹೋಗುವುದಿಲ್ಲ, ಉತ್ತರ ಭಾರತದ ಅಡುಗೆಗೆ, ಹಬ್ಬಕ್ಕೆ ಹೋಗುತ್ತದೆ. 2025ಕ್ಕೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಬೆಂಬಲ ಬೆಲೆಯೂ ಬೇರೆ ಬೇರೆ: ಕ್ವಿಂಟಲ್‌ಗೆ ಉಂಡೆಗೆ 12,100, ಎಣ್ಣೆಯ ಕೊಬ್ಬರಿಗೆ 11,582 ರೂಪಾಯಿ. ಈ ವ್ಯತ್ಯಾಸ ಏಕೆಂದು ಹುಡುಗ ಅಪ್ಪನನ್ನು ಕೇಳಲಿ, ಅಪ್ಪ ಮಂಡಿಯಲ್ಲಿ ಕೇಳಿಕೊಂಡು ಬರಲಿ.

ಅವನಿಗೆ ಒಂದು ಹಳೆಯ ನೋಟ್‌ಬುಕ್ ಕೊಡಿ. ಮಂಡಿಯಲ್ಲಿ ಕೊಬ್ಬರಿಯ ಟೆಂಡರ್ ನಡೆದ ದಿನದ ಧಾರಣೆ ಒಂದು ಸಾಲು, ಏರಿದ್ದಕ್ಕೋ ಇಳಿದಿದ್ದಕ್ಕೋ ಅವನಿಗೆ ತೋರಿದ ಕಾರಣ ಇನ್ನೊಂದು ಸಾಲು. ಮುಂದಿನ ವಾರ ಆ ಕಾರಣ ತಪ್ಪೆಂದು ಕಂಡರೆ ಅಳಿಸುವುದು ಬೇಡ, ಕೆಳಗೆ ಹೊಸದನ್ನು ಬರೆಯಲಿ. ಎಐಯನ್ನೂ ಕನ್ನಡದಲ್ಲೇ ಕೇಳಲಿ, ಬಂದ ಉತ್ತರವನ್ನು ಮಂಡಿಯ ಚೀಟಿಯ ಪಕ್ಕದಲ್ಲಿಟ್ಟು ನೋಡಲಿ. ಅದು ತಪ್ಪನ್ನೂ ಗಟ್ಟಿ ದನಿಯಲ್ಲೇ ಹೇಳುತ್ತದೆ. ಆ ತಪ್ಪನ್ನು ಒಮ್ಮೆ ತಾನೇ ಹಿಡಿದ ಹುಡುಗನಿಗೆ ಆಮೇಲೆ ನೀವು ಉಪದೇಶ ಮಾಡಬೇಕಾಗಿಲ್ಲ.

ಕಡೆಯದಾಗಿ ದುಡ್ಡು ಕೊಡುವ ಬದಲು ತರುವ ಒಂದು ದಾರಿ. ಎಂಟನೇ ತರಗತಿಯಲ್ಲಿ ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನದ ಪರೀಕ್ಷೆ ಇರುತ್ತದೆ. ಮನೆಯ ವರ್ಷದ ಆದಾಯ 3.5 ಲಕ್ಷ ರೂಪಾಯಿ ಮೀರಿರಬಾರದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. ಅಲ್ಲಿ ಬೌದ್ಧಿಕ ಸಾಮರ್ಥ್ಯದ್ದೇ ಒಂದು ಪ್ರತ್ಯೇಕ ಪತ್ರಿಕೆ ಇದೆ. ಹಳೆಯ ಪ್ರಶ್ನೆಪತ್ರಿಕೆ ಸಿಗುತ್ತದೆಯೇ ಎಂದು ಮುಖ್ಯೋಪಾಧ್ಯಾಯರನ್ನು ಈಗಲೇ ಕೇಳಿಡಿ.